ಅಂಗಡಿಯಲ್ಲಿ ‘ಸ್ಕಿಲ್ ಗೇಮ್’ ಮೆಷಿನ್ ಇಡಬಹುದೇ? ಸರ್ಕಾರವೇ ಲೈಸೆನ್ಸ್ ಕೊಟ್ಟರೆ ಏನಾಗುತ್ತದೆ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದ ಕಡೆ ನಮ್ಮದೊಂದು ಜೆರಾಕ್ಸ್ ಮತ್ತು ಜ್ಯೂಸ್ ಅಂಗಡಿ ಇದೆ. ಪಕ್ಕದ ಕೋಣೆ ಖಾಲಿ ಇದೆ. ಅದರಲ್ಲಿ ನಾಲ್ಕು ‘ಸ್ಕಿಲ್ ಗೇಮ್’ ಮೆಷಿನ್ ಇಡೋಣ ಎಂದು ಒಬ್ಬರು ಬಂದು ಕೇಳಿದ್ದಾರೆ. ಮೆಷಿನ್ ಅವರದು, ಜಾಗ ಮತ್ತು ಕರೆಂಟು ನಮ್ಮದು, ಬಂದದ್ದರಲ್ಲಿ ಅರ್ಧರ್ಧ. ಹೈಕೋರ್ಟ್ ಆರ್ಡರ್ ಇದೆ, ಪಾಲಿಕೆ ಲೈಸೆನ್ಸ್ ನಾವೇ ಮಾಡಿಸಿಕೊಡುತ್ತೇವೆ, ಪೊಲೀಸರು ಮುಟ್ಟುವ ಹಾಗಿಲ್ಲ ಎನ್ನುತ್ತಾರೆ. ಇಡಬಹುದೇ? ಇನ್ನೊಂದು ಮಾತು. ಗೋವಾದಲ್ಲಿ, ಹೊರದೇಶಗಳಲ್ಲಿ ಸರ್ಕಾರವೇ ಇಂಥ ಮೆಷಿನ್‌ಗೆ ಲೈಸೆನ್ಸ್ ಕೊಟ್ಟು ತೆರಿಗೆ ತಗೊಳ್ಳುತ್ತದಂತೆ. ನಮ್ಮಲ್ಲೂ ಹಾಗೇ ಮಾಡಿದರೆ ಮೋಸ ನಿಲ್ಲುತ್ತದೆ, ಓಸಿ ಮಟ್ಕಾನೂ ಕಡಿಮೆಯಾಗುತ್ತದೆ ಅಲ್ಲವೇ?

ಉತ್ತರ: ಇಡಬೇಡಿ. ಕಾರಣ ಅರ್ಧ ಕಾನೂನಿನಲ್ಲಿದೆ, ಅರ್ಧ ಮೆಷಿನ್ ಹೊಟ್ಟೆಯಲ್ಲಿದೆ. ನಿಮ್ಮ ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೂ ಮೊದಲು ಮೆಷಿನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇವೆ.

ಡಬ್ಬದ ಬಾಗಿಲು ತೆಗೆದರೆ ಒಳಗೆ ಇರುವುದು ಸ್ವಲ್ಪವೇ: ಒಂದು ಪರದೆ, ಒಂದು ಪವರ್ ಸಪ್ಲೈ, ಬಟನ್‌ಗಳ ಸಾಲು, ಸ್ಪೀಕರು, ಮತ್ತು ಒಂದು ಗೇಮ್ ಬೋರ್ಡು. ಆಟದ ಪ್ರೋಗ್ರಾಂ ಆ ಬೋರ್ಡಿನ ಚಿಪ್ಪಿನಲ್ಲಿದೆ. ನೀವು ಬಟನ್ ಒತ್ತಿದ ಕ್ಷಣವೇ ಪ್ರೋಗ್ರಾಂ ಒಂದು ಸಂಖ್ಯೆಯನ್ನು ಎತ್ತಿಕೊಂಡು ಗೆಲುವೋ ಸೋಲೋ ತೀರ್ಮಾನಿಸಿಬಿಟ್ಟಿರುತ್ತದೆ. ಆಮೇಲೆ ಪರದೆ ಮೇಲೆ ಚಕ್ರ ತಿರುಗುವುದು, ಇಸ್ಪೀಟ್ ಎಲೆ ಬೀಳುವುದು, ಹಣ್ಣಿನ ಚಿತ್ರಗಳು ಒಂದೊಂದಾಗಿ ನಿಲ್ಲುವುದು ಎಲ್ಲವೂ ಆಗಲೇ ಮುಗಿದುಹೋದ ತೀರ್ಮಾನದ ಪ್ರದರ್ಶನ. ಎರಡು ಏಳು ಬಂದು ಮೂರನೆಯದು ಒಂದು ಮನೆ ಕೆಳಗೆ ನಿಂತಾಗ ಆಡುವವನಿಗೆ ‘ಸ್ವಲ್ಪದರಲ್ಲಿ ತಪ್ಪಿತು’ ಅನಿಸುತ್ತದೆ. ಮೆಷಿನ್ ಲೆಕ್ಕದಲ್ಲಿ ಸ್ವಲ್ಪದರಲ್ಲಿ ತಪ್ಪುವುದು ಅಂತ ಒಂದಿಲ್ಲ. ಅದೂ ಒಂದು ಪೂರ್ತಿ ಸೋಲೇ. ಹಾಗೆಯೇ 10 ರೂಪಾಯಿ ಕಟ್ಟಿ 4 ರೂಪಾಯಿ ಬಂದಾಗಲೂ ಮೆಷಿನ್ ಗಂಟೆ ಬಾರಿಸಿ ದೀಪ ಮಿನುಗಿಸುತ್ತದೆ. 6 ರೂಪಾಯಿ ಹೋಯಿತು ಅನ್ನುವುದು ಆ ಸದ್ದಿನಲ್ಲಿ ಮರೆತುಹೋಗುತ್ತದೆ.

ನಮ್ಮ ಕಡೆ ಗುಟ್ಟಾಗಿ ಓಡಾಡುವ ಮೆಷಿನ್‌ಗಳಲ್ಲಿ ಇನ್ನೊಂದು ಗುರುತು ನೋಡಿ. ಡಬ್ಬದ ಪಕ್ಕದಲ್ಲೋ ಬಟನ್ ಹಲಗೆಯ ಕೆಳಗೋ ಕೀಲಿ ತೂರಿಸುವ ಒಂದೆರಡು ತೂತು ಇರುತ್ತದೆ. ಆಡಲು ಬಂದವನು ಮೆಷಿನ್ ನೋಡಿಕೊಳ್ಳುವ ಹುಡುಗನ ಕೈಗೆ 500 ರೂಪಾಯಿ ಕೊಟ್ಟರೆ ಅವನು ಒಂದು ಕೀಲಿ ತಿರುಗಿಸಿ ಪರದೆ ಮೇಲೆ 500 ಪಾಯಿಂಟ್ ಏರಿಸುತ್ತಾನೆ. ಏಳುವ ಹೊತ್ತಿಗೆ 800 ಉಳಿದಿದ್ದರೆ ಇನ್ನೊಂದು ಕೀಲಿ ತಿರುಗಿಸಿ ಸೊನ್ನೆ ಮಾಡಿ, ಜೇಬಿನಿಂದ ನೋಟು ಎಣಿಸಿ ಕೊಡುತ್ತಾನೆ. ‘ಮೆಷಿನ್‌ನಿಂದ ದುಡ್ಡು ಬರೋದೇ ಇಲ್ಲ ಸರ್, ಬರೀ ಪಾಯಿಂಟ್ಸು’ ಎಂಬ ಮಾತು ಹುಟ್ಟುವುದೇ ಇಲ್ಲಿಂದ. ಮಕ್ಕಳ ಗೇಮ್ ಜೋನ್‌ನ ಕಾರ್ ರೇಸ್ ಮೆಷಿನ್‌ನಲ್ಲಿ ಗೆದ್ದ ಪಾಯಿಂಟನ್ನು ಅಳಿಸಿ ಹಾಕುವ ಕೀಲಿಯ ಕೆಲಸವೇ ಇಲ್ಲ. ಆ ಕೀಲಿ ಇದೆ ಅಂದರೆ ಪಾಯಿಂಟು ನೋಟಾಗುತ್ತದೆ ಎಂದೇ ಅರ್ಥ.

ಬಾಗಿಲ ಒಳಗೆ ಸೆಟ್ಟಿಂಗ್ ಪುಟ ತೆರೆಯುವ ಬಟನ್ ಇರುತ್ತದೆ. ಕಟ್ಟಿದ ಹಣದಲ್ಲಿ ನೂರಕ್ಕೆ ಎಷ್ಟು ವಾಪಸ್ ಕೊಡಬೇಕು, ಒಂದು ಆಟಕ್ಕೆ ಗರಿಷ್ಠ ಎಷ್ಟು ಕಟ್ಟಬಹುದು, ದೊಡ್ಡ ಬಹುಮಾನ ಎಷ್ಟು ಅಪರೂಪಕ್ಕೆ ಬೀಳಬೇಕು ಎಂಬುದನ್ನು ಅಲ್ಲಿ ಬದಲಾಯಿಸಬಹುದು. ಒಟ್ಟು ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕವೂ ಅದೇ ಪುಟದಲ್ಲಿರುತ್ತದೆ. ಅದನ್ನು ಸೊನ್ನೆ ಮಾಡುವ ದಾರಿಯೂ ಅಲ್ಲೇ ಇರುತ್ತದೆ. ಬಾಗಿಲ ಕೀಲಿ ನಿಮ್ಮ ಕೈಯಲ್ಲಿರುವುದಿಲ್ಲ, ಮೆಷಿನ್ ತಂದವರ ಕೈಯಲ್ಲಿರುತ್ತದೆ. ಹಾಗಾಗಿ ನಿಮಗೆ ಬರುವ ‘ಅರ್ಧ’ ಯಾವುದರ ಅರ್ಧ ಎಂದು ತಾಳೆ ನೋಡುವ ದಾರಿ ನಿಮಗಿಲ್ಲ. ಪೊಲೀಸರು ಬಂದಾಗ ಮಾತ್ರ ಜಾಗ ಪೂರ್ತಿ ನಿಮ್ಮದೇ ಆಗಿರುತ್ತದೆ.

ಇನ್ನು ‘ಸ್ಕಿಲ್’ ವಿಷಯ. ಚಕ್ರ ನಿಲ್ಲಿಸುವ ಬಟನ್ ಒಂದನ್ನು ಸೇರಿಸಿ, ಸರಿಯಾದ ಹೊತ್ತಿಗೆ ಒತ್ತಿದವನು ಗೆಲ್ಲುತ್ತಾನೆ, ಆದ್ದರಿಂದ ಇದು ಕೌಶಲದ ಆಟ ಎಂದು ವಾದಿಸುತ್ತಾರೆ. ಬಟನ್ ಒತ್ತಿದ ಮೇಲೂ ಚಕ್ರ ಒಂದೆರಡು ಮನೆ ಜಾರಿ ನಿಲ್ಲುವಂತೆ ಪ್ರೋಗ್ರಾಂ ಬರೆಯುವುದು ಬಹಳ ಸುಲಭ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಪರೀಕ್ಷೆ ಬೇಕಿದ್ದರೆ ಇಷ್ಟು ಕೇಳಿ: ಆರು ತಿಂಗಳು ಆಡಿದವನು ಮೊದಲ ದಿನದವನಿಗಿಂತ ಹೆಚ್ಚು ಗೆಲ್ಲುತ್ತಾನೆಯೇ? ಕೇರಂನಲ್ಲಿ, ಚೆಸ್‌ನಲ್ಲಿ ಉತ್ತರ ಹೌದು. ಈ ಡಬ್ಬದ ಮುಂದೆ ಹಳಬನೂ ಹೊಸಬನೂ ಒಂದೇ ದರದಲ್ಲಿ ಕಳೆದುಕೊಳ್ಳುತ್ತಾರೆ.

ಈಗ ಕಾನೂನು. ಜೂಜು ಮತ್ತು ಪಂದ್ಯ ಕಟ್ಟುವುದು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿಯ 34ನೇ ವಿಷಯ. ಕರ್ನಾಟಕದಲ್ಲಿ ಇದಕ್ಕೆ ಇರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಪತ್ರಿಕೆಗಳಲ್ಲಿ ‘ಕಲಂ 78(3)’ ಎಂದು ಬರುವುದು ಹೆಚ್ಚಾಗಿ ಮಟ್ಕಾ ಕೇಸು, ‘ಕಲಂ 87’ ಎಂದರೆ ಸಾರ್ವಜನಿಕ ಜಾಗದಲ್ಲಿ ಅಂದರ್ ಬಾಹರ್. ನಿಮಗೆ ಮುಖ್ಯವಾದದ್ದು ಕಲಂ 79 ಮತ್ತು 80. 79ನೆಯದು ಜೂಜು ಅಡ್ಡೆ ನಡೆಸುವವನನ್ನಷ್ಟೇ ಹಿಡಿಯುವುದಿಲ್ಲ. ಗೊತ್ತಿದ್ದೂ ತನ್ನ ಜಾಗವನ್ನು ಅದಕ್ಕೆ ಬಿಟ್ಟುಕೊಟ್ಟ ಮಾಲೀಕ ಅಥವಾ ಬಾಡಿಗೆದಾರ, ಅಲ್ಲಿನ ಉಸ್ತುವಾರಿ ನೋಡುವವ, ಆಡುವವರಿಗೆ ಹಣ ಒದಗಿಸುವವ ಎಲ್ಲರೂ ಅದರೊಳಗೆ ಬರುತ್ತಾರೆ. ಅಲ್ಲಿ ಆಡುವವರಿಗೆ 80ನೆಯದು. ಗುಂಪು ಕಟ್ಟಿಕೊಂಡು ಅನಧಿಕೃತ ಜೂಜು ನಡೆಸಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ಕೂಡ ಬೀಳಬಹುದು. ಅದರಲ್ಲಿ ಒಂದರಿಂದ ಏಳು ವರ್ಷದವರೆಗೆ ಜೈಲು ಇದೆ.

‘ಕೌಶಲದ ಆಟಕ್ಕೆ ಕಾನೂನು ಅನ್ವಯಿಸುವುದಿಲ್ಲ’ ಎಂಬ ಮಾತಿಗೂ ಆಧಾರ ಇದೆ. ಪೊಲೀಸ್ ಕಾಯ್ದೆಯ 176ನೇ ಕಲಂ ಬರೀ ಕೌಶಲದ ಆಟಗಳನ್ನು ಹೊರಗಿಟ್ಟಿದೆ. 2021ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಕೌಶಲದ ಆಟವನ್ನೂ ಜೂಜಿಗೆ ಸೇರಿಸಿತ್ತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ನಿಮ್ಮ ಬಳಿ ಬಂದವರು ಹೇಳುತ್ತಿರುವ ‘ಹೈಕೋರ್ಟ್ ಆರ್ಡರ್’ ಇದೇ ಆಗಿದ್ದರೆ, ಅದು ಕೌಶಲದ ಆಟಗಳ ಬಗ್ಗೆ ಕೊಟ್ಟ ತೀರ್ಪು. ನಿಮ್ಮ ಕೋಣೆಗೆ ಬರುವ ಡಬ್ಬ ಕೌಶಲದ ಆಟ ಎಂದು ಅದು ಎಲ್ಲೂ ಹೇಳಿಲ್ಲ. ಇನ್ನೊಂದು ಬಗೆಯ ಆರ್ಡರ್ ಕೂಡ ತೋರಿಸುತ್ತಾರೆ. ‘ಅರ್ಜಿದಾರರು ಕಾನೂನಿನ ಮಿತಿಯಲ್ಲಿ ನಡೆಸುವವರೆಗೆ ಪೊಲೀಸರು ಹಸ್ತಕ್ಷೇಪ ಮಾಡಬಾರದು’ ಎಂಬ ಧಾಟಿಯದು. ಅದರ ಪೂರ್ತಿ ಪ್ರತಿ ಕೇಳಿ ಓದಿ. ಅರ್ಜಿದಾರರ ಹೆಸರು ಯಾವುದು, ವಿಳಾಸ ಯಾವುದು, ಯಾವ ಆಟ, ಕೊನೆಯ ಪ್ಯಾರಾದಲ್ಲಿ ‘ಕಾನೂನು ಉಲ್ಲಂಘಿಸಿದರೆ ಪೊಲೀಸರು ಕ್ರಮ ಕೈಗೊಳ್ಳಲು ಸ್ವತಂತ್ರರು’ ಎಂದಿದೆಯೇ, ಇಷ್ಟನ್ನು ನೋಡಿದರೆ ಸಾಕು. ಬೇರೆಯವರ ಹೆಸರಿನ, ಬೇರೆ ಊರಿನ ಆದೇಶ ನಿಮ್ಮ ಅಂಗಡಿಗೆ ರಕ್ಷಣೆ ಕೊಡುವುದಿಲ್ಲ.

ಮೆಷಿನ್‌ಗಳ ಬಗ್ಗೆಯೇ ನೇರವಾಗಿ ಬಂದ ತೀರ್ಪು ಬೇರೆ ಇದೆ. ಬೆಂಗಳೂರಿನ ವಿಡಿಯೊ ಗೇಮ್ ಪಾರ್ಲರ್‌ಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದ 1989ರ ಆದೇಶವನ್ನು ಪ್ರಶ್ನಿಸಿ ಕೆಲವರು ಕೋರ್ಟಿಗೆ ಹೋಗಿದ್ದರು. 1995ರಲ್ಲಿ ಎಂ.ಜೆ. ಸಿವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಮೆಷಿನ್ ಒಳಗೆ ಕೈಯಾಡಿಸಿ ಫಲಿತಾಂಶ ಬದಲಾಯಿಸಲು ಸಾಧ್ಯವಿರುವುದರಿಂದ ಸರ್ಕಾರ ಅವನ್ನು ನಿಯಂತ್ರಿಸಬಹುದು ಎಂಬುದು ಅದರ ಸಾರ. ಮೂವತ್ತು ವರ್ಷದ ಹಿಂದೆ ಹೇಳಿದ ಆ ಕಾರಣ ಇವತ್ತಿನ ಬೋರ್ಡುಗಳಿಗೆ ಇನ್ನೂ ಹೆಚ್ಚು ಹೊಂದುತ್ತದೆ.

ದಾವಣಗೆರೆಯಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲ. ಸಾರ್ವಜನಿಕ ಮನರಂಜನೆ ಸ್ಥಳಗಳ ಅನುಮತಿ ವಿಷಯ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಯವರ ವ್ಯಾಪ್ತಿಯದು. ಮಹಾನಗರ ಪಾಲಿಕೆ ಕೊಡುವುದು ಉದ್ದಿಮೆ ಪರವಾನಗಿ. ಆ ಕಾಗದದಲ್ಲಿ ‘ಗೇಮ್ ಸೆಂಟರ್’ ಎಂದು ಬರೆದಿದ್ದರೂ ಅದರಿಂದ ಹಣದ ಆಟಕ್ಕೆ ಅನುಮತಿ ಸಿಕ್ಕಿದಂತೆ ಆಗುವುದಿಲ್ಲ. ಮೆಷಿನ್ ಬದಲು ಇಂಟರ್ನೆಟ್‌ಗೆ ಜೋಡಿಸಿದ ಟ್ಯಾಬ್ ಅಥವಾ ಕಂಪ್ಯೂಟರ್ ಇಡುತ್ತೇವೆ ಎಂದರೆ ಪರಿಸ್ಥಿತಿ ಇನ್ನೂ ಕಠಿಣ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆಟ ಒದಗಿಸುವುದನ್ನೇ ನಿಷೇಧಿಸಿದೆ. ಒದಗಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಅದರಲ್ಲಿದೆ. ಆಡುವವನಿಗೆ ಅದರಲ್ಲಿ ಶಿಕ್ಷೆ ಇಟ್ಟಿಲ್ಲ.

ಇಷ್ಟು ನಿಮ್ಮ ಮೊದಲ ಪ್ರಶ್ನೆಗೆ. ಎರಡನೆಯದು ದೊಡ್ಡದು. ತಿಳಿದವರೂ ಅದರಲ್ಲಿ ಎಡವುತ್ತಾರೆ.

ಸರ್ಕಾರ ನಿಯಂತ್ರಿಸಿದರೆ ಮೋಸ ನಿಲ್ಲುತ್ತದೆ ಎಂಬ ನಿಮ್ಮ ಊಹೆ ಒಂದು ಮಟ್ಟಕ್ಕೆ ನಿಜ. ಅಮೆರಿಕದ ನೆವಾಡಾದಲ್ಲಿ ಮೆಷಿನ್ ಕಟ್ಟಿದ ಹಣದಲ್ಲಿ ಸರಾಸರಿ ನೂರಕ್ಕೆ ಕನಿಷ್ಠ 75 ಭಾಗ ವಾಪಸ್ ಕೊಡಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕನಿಷ್ಠ 85. ಚಿಪ್ಪಿನ ಪ್ರೋಗ್ರಾಂ ಮೊದಲೇ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ, ಅದರ ಡಿಜಿಟಲ್ ಸಹಿ ದಾಖಲಾಗಿ, ಬಾಗಿಲಿಗೆ ಮೊಹರು ಬಿದ್ದಿರುತ್ತದೆ. ತನಿಖೆಗೆ ಬಂದವರು ಚಿಪ್ಪಿನ ಸಹಿಯನ್ನು ದಾಖಲೆಯ ಜತೆ ತಾಳೆ ನೋಡುತ್ತಾರೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2009ರ ಕಾನೂನಿನ ಪ್ರಕಾರ ಬಾರು, ಹೋಟೆಲುಗಳಲ್ಲಿ 2012ರಿಂದ ವಿಡಿಯೊ ಜೂಜು ಮೆಷಿನ್ ಬಂದಾಗ ಪ್ರತಿಯೊಂದನ್ನೂ ಸರ್ಕಾರದ ಕೇಂದ್ರ ಕಂಪ್ಯೂಟರ್‌ಗೆ ಜೋಡಿಸಲಾಯಿತು. ಎಷ್ಟು ಕಟ್ಟಿದರು, ಎಷ್ಟು ಹೋಯಿತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಇಂಥ ವ್ಯವಸ್ಥೆಗೂ ತೂತು ಬೀಳುತ್ತದೆ: ನೆವಾಡಾದಲ್ಲಿ 1990ರ ದಶಕದಲ್ಲಿ ಚಿಪ್ಪು ಪರೀಕ್ಷಿಸುವ ನಿಯಂತ್ರಣ ಮಂಡಳಿಯ ಎಂಜಿನಿಯರೇ ಪರೀಕ್ಷೆ ಮಾಡುವ ನೆಪದಲ್ಲಿ ತನ್ನ ಪ್ರೋಗ್ರಾಂ ತೂರಿಸಿ ಸಿಕ್ಕಿಬಿದ್ದ. ಆದರೂ ಒಟ್ಟಾರೆ ನೋಡಿದರೆ, ಬಾಗಿಲು ತೆಗೆದು ರಾತ್ರೋರಾತ್ರಿ ಶೇಕಡಾವಾರು ಬದಲಾಯಿಸುವ ಆಟ ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಪ್ರಾಮಾಣಿಕವಾಗಿ ಓಡುವ ಮೆಷಿನ್ ಕೂಡ ಜನರನ್ನು ಬರಿದು ಮಾಡುತ್ತದೆ. ಈ ಲೆಕ್ಕವನ್ನು ನಿಧಾನವಾಗಿ ನೋಡಿ.

ಒಂದು ಆಟಕ್ಕೆ 10 ರೂಪಾಯಿ, ಒಂದು ಆಟ ಮುಗಿಯಲು 5 ಸೆಕೆಂಡು ಎಂದುಕೊಳ್ಳಿ. ನಿಮಿಷಕ್ಕೆ 12 ಆಟ, ಗಂಟೆಗೆ 720 ಆಟ, ಕಟ್ಟಿದ ಹಣ 7,200 ರೂಪಾಯಿ. ನೂರಕ್ಕೆ 90 ವಾಪಸ್ ಕೊಡುವ ಬಹಳ ‘ಒಳ್ಳೆಯ’ ಮೆಷಿನ್ ಆದರೂ ಗಂಟೆಗೆ ಸರಾಸರಿ 720 ರೂಪಾಯಿ ಹೋಯಿತು. 75 ಕೊಡುವುದಾದರೆ 1,800. ಯಾರೂ ನೋಡದ ಮೆಷಿನ್‌ನಲ್ಲಿ 60ಕ್ಕೆ ಇಳಿಸಿದ್ದರೆ 2,880. ಮಂಡಿಪೇಟೆಯಲ್ಲಿ ಮೂಟೆ ಹೊರುವವನ, ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ನಿಲ್ಲುವವನ ದಿನದ ದುಡಿಮೆ ಒಂದು ಗಂಟೆಗೆ ತಾಳುವುದಿಲ್ಲ.

‘ನೂರಕ್ಕೆ 90 ವಾಪಸ್’ ಅನ್ನುವುದನ್ನೂ ಜನ ತಪ್ಪು ತಿಳಿಯುತ್ತಾರೆ. 1,000 ರೂಪಾಯಿ ತಗೊಂಡು ಹೋದರೆ 900 ತಗೊಂಡು ಬರುತ್ತೇನೆ ಅಂದುಕೊಳ್ಳುತ್ತಾರೆ. ಆ 1,000 ಮುಗಿಯಲು 100 ಆಟ, ಅಂದರೆ ಸುಮಾರು ಎಂಟೂಕಾಲು ನಿಮಿಷ ಸಾಕು. ಸರಾಸರಿ 900 ಉಳಿಯುತ್ತದೆ. ಎದ್ದು ಬಂದರೆ ಸರಿ, ಯಾರೂ ಏಳುವುದಿಲ್ಲ. ಆ 900 ಮತ್ತೆ ಸುತ್ತಿದರೆ 810, ಮತ್ತೆ ಸುತ್ತಿದರೆ 729. ಹತ್ತು ಸುತ್ತು ಮುಗಿಯುವ ಹೊತ್ತಿಗೆ 349, ಇಪ್ಪತ್ತು ಸುತ್ತಿಗೆ 122. ಇದು ಸರಾಸರಿ. ನಡುವೆ ಒಂದೊಂದು ದಿನ ಯಾರಿಗೋ 5,000 ಬೀಳುತ್ತದೆ. ಊರೆಲ್ಲ ಸುದ್ದಿಯಾಗುವುದು ಅದೊಂದೇ.

ಈಗ ಅದೇ 90ರ ಮೆಷಿನ್‌ಗೆ ಒಂದೇ ಒಂದು ಬದಲಾವಣೆ ಮಾಡಿ: ಆಟಕ್ಕೂ ಆಟಕ್ಕೂ 15 ಸೆಕೆಂಡು ಅಂತರ. ಗಂಟೆಗೆ 240 ಆಟ, ನಷ್ಟ 240 ರೂಪಾಯಿ. ಆಟದ ಬೆಲೆ 2 ರೂಪಾಯಿಗೆ ಇಳಿಸಿದರೆ ನಷ್ಟ 48 ರೂಪಾಯಿ. ಶೇಕಡಾವಾರು ಮುಟ್ಟದೆಯೇ 720 ಇದ್ದದ್ದು 48ಕ್ಕೆ ಇಳಿಯಿತು. ನಿಯಂತ್ರಣ ಎಂದರೆ ಏನು ಎಂದು ಕೇಳಿದರೆ ಈ ಸಂಖ್ಯೆಗಳನ್ನೇ ತೋರಿಸಬೇಕು. ವೇಗ, ಕಟ್ಟುವ ಮೊತ್ತ, ಕೈಗೆ ಹಣ ಎಷ್ಟು ಸುಲಭವಾಗಿ ಬರುತ್ತದೆ, ಮೆಷಿನ್ ಮನೆಗೆ ಎಷ್ಟು ಹತ್ತಿರ, ಎಷ್ಟು ಹೊತ್ತು ತೆರೆದಿರುತ್ತದೆ, ಈ ಐದನ್ನು ಹಿಡಿದ ನಿಯಮ ಮಾತ್ರ ಜನರ ನಷ್ಟವನ್ನು ಇಳಿಸುತ್ತದೆ. ಲೈಸೆನ್ಸ್ ಕಾಗದ, ಶುಲ್ಕ, ಗೋಡೆ ಮೇಲೆ ‘18 ವರ್ಷದೊಳಗಿನವರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಇಷ್ಟರಲ್ಲೇ ನಿಂತ ನಿಯಮ ನಷ್ಟವನ್ನು ಕಾನೂನುಬದ್ಧ ಮಾಡುತ್ತದೆ, ಅಷ್ಟೇ.

ಬೇರೆ ಕಡೆ ಏನಾಯಿತು ನೋಡಿ. ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳ ಮೆಷಿನ್‌ಗಳಲ್ಲಿ 20 ಸೆಕೆಂಡಿಗೊಮ್ಮೆ 100 ಪೌಂಡ್‌ವರೆಗೆ ಕಟ್ಟಬಹುದಿತ್ತು. ಗಂಟೆಗೆ 180 ಆಟ, 18,000 ಪೌಂಡ್. ಎಲ್ಲವೂ ಲೈಸೆನ್ಸ್ ಪಡೆದ, ತೆರಿಗೆ ಕಟ್ಟುವ ಅಂಗಡಿಗಳೇ. ವರ್ಷಗಟ್ಟಲೆ ಹೋರಾಟ ನಡೆದ ಮೇಲೆ 2019ರ ಏಪ್ರಿಲ್ 1ರಿಂದ ಗರಿಷ್ಠ ಮೊತ್ತವನ್ನು 2 ಪೌಂಡ್‌ಗೆ ಇಳಿಸಿದರು. ಅದೇ ವರ್ಷ ಒಂದು ದೊಡ್ಡ ಕಂಪನಿ ಸುಮಾರು 700 ಅಂಗಡಿ ಮುಚ್ಚುವುದಾಗಿ ಹೇಳಿತು. ಆ ಅಂಗಡಿಗಳ ಸಂಪಾದನೆ ಯಾವುದರ ಮೇಲೆ ನಿಂತಿತ್ತು ಎಂಬುದು ಅಲ್ಲಿಗೆ ಗೊತ್ತಾಯಿತು.

ನಾರ್ವೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2006ರ ಜುಲೈಯಲ್ಲಿ ಮೆಷಿನ್‌ಗೆ ನೋಟು ತೂರಿಸುವ ಬಾಯಿ ಮುಚ್ಚಿಸಿದರು, ನಾಣ್ಯ ಮಾತ್ರ. ಒಂದು ವರ್ಷಕ್ಕೆ, 2007ರ ಜುಲೈ 1ಕ್ಕೆ, ಖಾಸಗಿ ಮೆಷಿನ್‌ಗಳನ್ನೆಲ್ಲ ಕಿತ್ತುಹಾಕಿದರು. ಆಮೇಲೆ ಸರ್ಕಾರಿ ಕಂಪನಿ ತಂದ ಹೊಸ ಮೆಷಿನ್‌ನಲ್ಲಿ ನಗದು ಇಲ್ಲ. ಹೆಸರಿರುವ ಕಾರ್ಡ್ ಹಾಕಬೇಕು, ದಿನಕ್ಕೆ ತಿಂಗಳಿಗೆ ಇಷ್ಟೇ ಕಳೆದುಕೊಳ್ಳಬಹುದು ಎಂಬ ಮಿತಿ ಕಾರ್ಡಿನಲ್ಲೇ ಇದೆ, ಆಟದ ನಡುವೆ ಬಿಡುವು ಕಡ್ಡಾಯ. ಮೆಷಿನ್ ಹೋದ ಮೇಲೆ ಜನ ಬೇರೆ ಜೂಜಿಗೆ ಗುಳೆ ಹೋದರೇ ಎಂದು ಅಲ್ಲಿನ ಸಂಶೋಧಕರು ನೋಡಿದರು. ಹಾಗೆ ಆಗಿದ್ದು ಕಾಣಲಿಲ್ಲ. ಒಟ್ಟು ಆಟವೇ ಇಳಿಯಿತು.

ಅಮೆರಿಕದ ಸೌತ್ ಡಕೋಟದಲ್ಲಿ ಯಾರೂ ಬಯಸದೆ ಒಂದು ಪ್ರಯೋಗ ನಡೆದುಹೋಯಿತು. ಅಲ್ಲಿ 1989ರಿಂದ ಸರ್ಕಾರವೇ ವಿಡಿಯೊ ಲಾಟರಿ ಮೆಷಿನ್ ನಡೆಸುತ್ತಿತ್ತು. 1994ರ ಆಗಸ್ಟಿನಲ್ಲಿ ಕೋರ್ಟ್ ತೀರ್ಪಿನಿಂದ ಮೆಷಿನ್ ನಿಂತವು. ನವೆಂಬರಿನಲ್ಲಿ ಜನಮತದ ನಂತರ ಮತ್ತೆ ಶುರುವಾದವು. ನಿಂತಿದ್ದ ಮೂರು ತಿಂಗಳಲ್ಲಿ ಜೂಜಿನ ಚಟಕ್ಕೆ ಚಿಕಿತ್ಸೆ ಕೇಳಿ ಬರುವವರ ಸಂಖ್ಯೆ ಥಟ್ಟನೆ ಕುಸಿಯಿತು, ಶುರುವಾದ ಮೇಲೆ ಮತ್ತೆ ಏರಿತು. ರಾಜ್ಯದಲ್ಲಿ ಉಳಿದ ಬಗೆಯ ಜೂಜು ಇದ್ದೇ ಇತ್ತು. ಚಟ ಇದ್ದವನು ಹೇಗಾದರೂ ಆಡೇ ಆಡುತ್ತಾನೆ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ಕೈಗೆಟುಕುವ ಜಾಗದಲ್ಲಿ ಮೆಷಿನ್ ಇದೆಯೋ ಇಲ್ಲವೋ ಎಂಬುದು ಬಹಳ ಲೆಕ್ಕಕ್ಕೆ ಬರುತ್ತದೆ.

ನಿಷೇಧಿಸಿದರೆ ಸಾಕೇ ಅಂದರೆ ಅದೂ ಸಾಲದು. ರಷ್ಯಾ 2009ರ ಜುಲೈ 1ರಂದು ಗೊತ್ತುಪಡಿಸಿದ ಕೆಲವು ವಲಯಗಳ ಹೊರಗೆ ಎಲ್ಲ ಜೂಜು ಮೆಷಿನ್ ನಿಲ್ಲಿಸಿತು. ಕೆಲವೇ ದಿನದಲ್ಲಿ ‘ಇಂಟರ್ನೆಟ್ ಕ್ಲಬ್’, ‘ಲಾಟರಿ ಕ್ಲಬ್’ ಎಂಬ ಬೋರ್ಡಿನ ಕೆಳಗೆ ಅವೇ ಆಟ ಮತ್ತೆ ಎದ್ದವು. ನಮ್ಮ ‘ಸ್ಕಿಲ್ ಗೇಮ್’ ಬೋರ್ಡಿಗೂ ಅದಕ್ಕೂ ದೂರವಿಲ್ಲ. ನಿಷೇಧವೂ ಒಂದು ಬಗೆಯ ನಿಯಂತ್ರಣವೇ. ಅದನ್ನು ದಿನದಿನವೂ ನೋಡಿಕೊಳ್ಳುವವರು ಬೇಕು. ದಾಳಿಯಲ್ಲಿ ಮೆಷಿನ್ ಸಿಕ್ಕಾಗ ಬರೀ ಡಬ್ಬ ಎಣಿಸಿ ಪಂಚನಾಮೆ ಬರೆದರೆ ಕೋರ್ಟಿನಲ್ಲಿ ‘ಇದು ಕೌಶಲದ ಆಟ’ ಎಂಬ ವಾದ ಎದುರಾಗುತ್ತದೆ. ಪಾಯಿಂಟು ಏರಿಸುವ ಕೀಲಿ, ಸೆಟ್ಟಿಂಗ್ ಪುಟದ ಫೋಟೊ, ಬಂದು ಹೋದ ಹಣದ ಲೆಕ್ಕದ ಪುಟ, ಚೀಟಿ ಪುಸ್ತಕ, ಹುಡುಗನ ಫೋನಿನ ಯುಪಿಐ ವಿವರ ಇವೆಲ್ಲ ಜಪ್ತಿಯಾಗಿ, ಬೋರ್ಡು ತಜ್ಞರ ಪರೀಕ್ಷೆಗೆ ಹೋದರೆ ಮಾತ್ರ ಕೇಸಿಗೆ ಬಲ.

ತೆರಿಗೆಯ ಮಾತಿಗೆ ಬರೋಣ. ನ್ಯೂ ಸೌತ್ ವೇಲ್ಸ್ 1956ರಲ್ಲೇ ಕ್ಲಬ್ಬುಗಳಿಗೆ ಮೆಷಿನ್ ಇಡಲು ಒಪ್ಪಿತು. ಅದೇ ದೇಶದ ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯ ಪರ್ತ್‌ನ ಒಂದು ಕ್ಯಾಸಿನೊ ಬಿಟ್ಟು ಬೇರೆಲ್ಲೂ ಒಪ್ಪಲಿಲ್ಲ. ಆಸ್ಟ್ರೇಲಿಯಾ ಸರ್ಕಾರಕ್ಕೆ ಸಲಹೆ ಕೊಡುವ ಪ್ರೊಡಕ್ಟಿವಿಟಿ ಕಮಿಷನ್ 2010ರ ವರದಿಯಲ್ಲಿ ಮೆಷಿನ್‌ಗಳಲ್ಲಿ ಜನ ಕಳೆದುಕೊಳ್ಳುವ ಹಣದಲ್ಲಿ ನೂರಕ್ಕೆ ಸುಮಾರು 40 ಭಾಗ ಚಟಕ್ಕೆ ಬಿದ್ದವರದೇ ಎಂದು ಅಂದಾಜಿಸಿತು. ಒಂದು ಆಟಕ್ಕೆ 1 ಡಾಲರ್‌ಗಿಂತ ಹೆಚ್ಚು ಕಟ್ಟಲು ಬಿಡಬಾರದು ಎಂದೂ ಶಿಫಾರಸು ಮಾಡಿತು. ಆ ಮಿತಿ ದೇಶದಾದ್ಯಂತ ಜಾರಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಊಹಿಸಲು ಕಷ್ಟವಿಲ್ಲ. ಚಟದವರನ್ನು ಉಳಿಸುವ ನಿಯಮ ಯಾವುದಿದೆಯೋ ಅದೇ ನಿಯಮ ವರಮಾನದ 40 ಭಾಗವನ್ನು ಕಡಿಯುತ್ತದೆ. ಒಮ್ಮೆ ಆ ಹಣ ಬಜೆಟ್ಟಿನೊಳಗೆ, ಕ್ಲಬ್ಬುಗಳ ಖರ್ಚಿನೊಳಗೆ ಸೇರಿಬಿಟ್ಟರೆ ಹಿಂದಕ್ಕೆ ಎಳೆಯುವ ಧೈರ್ಯ ಯಾವ ಸರ್ಕಾರಕ್ಕೂ ಸುಲಭಕ್ಕೆ ಬರುವುದಿಲ್ಲ. ಇದು ನಿಯಂತ್ರಣದ ಅತಿ ದೊಡ್ಡ ಪರಿಣಾಮ, ಆದರೆ ಚರ್ಚೆ ಅತಿ ಕಡಿಮೆ. ಸರ್ಕಾರ ಕಾವಲುಗಾರನೂ ಪಾಲುದಾರನೂ ಆಗುತ್ತದೆ.

ಗೋವಾವನ್ನು ನೀವು ಹೆಸರಿಸಿದಿರಿ. ಅಲ್ಲಿ 1992ರ ತಿದ್ದುಪಡಿಯಿಂದ ಮೆಷಿನ್‌ಗೆ ಜಾಗ ಸಿಕ್ಕಿದ್ದು ಪಂಚತಾರಾ ಹೋಟೆಲುಗಳಲ್ಲಿ ಮಾತ್ರ, ಬೀದಿ ಅಂಗಡಿಯಲ್ಲಿ ಅಲ್ಲ. ಆಮೇಲೆ ಹಡಗಿನ ಕ್ಯಾಸಿನೊಗಳು ಬಂದವು. 2020ರಲ್ಲಿ ಗೋವಾ ಸರ್ಕಾರ ತನ್ನ ರಾಜ್ಯದವರೇ ಕ್ಯಾಸಿನೊ ಒಳಗೆ ಹೋಗಬಾರದು ಎಂಬ ನಿರ್ಬಂಧ ತಂದಿತು. ತೆರಿಗೆ ಹೊರಗಿನವರಿಂದ ಬರಲಿ, ನಷ್ಟ ನಮ್ಮ ಮನೆಗಳಿಗೆ ಬೇಡ ಎಂಬುದು ಅದರ ಹಿಂದಿನ ಲೆಕ್ಕ. ವಿದ್ಯಾನಗರದ ನಿಮ್ಮ ಕೋಣೆಗೆ ಯಾವ ಪ್ರವಾಸಿಯೂ ಬರುವುದಿಲ್ಲ. ಬರುವವರು ಹಾಸ್ಟೆಲ್, ಪಿಜಿಗಳ ಹುಡುಗರು, ಆಟೊದವರು, ಮೆಕ್ಕೆಜೋಳ ಮಾರಿ ಎಪಿಎಂಸಿಯಿಂದ ಕೈಯಲ್ಲಿ ಹಣ ಹಿಡಿದು ಹೊರಟ ರೈತರು. ಸರ್ಕಾರಕ್ಕೆ ನೂರು ರೂಪಾಯಿ ತೆರಿಗೆ ಬರಬೇಕಾದರೆ ಈ ಊರಿನ ಮನೆಗಳಿಂದ ಅದಕ್ಕಿಂತ ಬಹಳ ಹೆಚ್ಚು ಹೊರಗೆ ಹೋಗಬೇಕು.

ಮಟ್ಕಾ ಕಡಿಮೆಯಾಗುತ್ತದೆಯೇ? ಇಲ್ಲ. ಮಟ್ಕಾದವನು 10 ರೂಪಾಯಿ ಚೀಟಿಯನ್ನೂ ಬರೆಯುತ್ತಾನೆ, ಮನೆ ಬಾಗಿಲಿಗೆ ಬರುತ್ತಾನೆ, ಫೋನಿನಲ್ಲಿ ನಂಬರ್ ತಗೊಳ್ಳುತ್ತಾನೆ, ಉದ್ರಿ ಕೊಡುತ್ತಾನೆ. ಉದ್ರಿ ಕೊಡದ, ತೆರಿಗೆ ಕಟ್ಟಬೇಕಾದ ಲೈಸೆನ್ಸ್ ಮೆಷಿನ್ ಅವನಿಗೆ ಪೈಪೋಟಿಯೇ ಅಲ್ಲ. ನಮ್ಮಲ್ಲೇ ಉದಾಹರಣೆ ಇದೆ. ಸರ್ಕಾರಿ ಲಾಟರಿ, ಆನ್‌ಲೈನ್ ಲಾಟರಿ ಅಂಗಡಿಗಳು ಬೀದಿಬೀದಿಯಲ್ಲಿದ್ದ ಕಾಲದಲ್ಲಿ ಓಸಿ ಬರೆಯುವವರು ಮಾಯವಾಗಿರಲಿಲ್ಲ. ಎರಡೂ ಅಕ್ಕಪಕ್ಕದಲ್ಲೇ ನಡೆದವು. 2007ರಲ್ಲಿ ರಾಜ್ಯ ಲಾಟರಿಯನ್ನು ಪೂರ್ತಿ ನಿಲ್ಲಿಸಿದ ಮೇಲೆ ಕೂಲಿ ದಿನದ ಸಂಜೆ ಟಿಕೆಟ್ ಅಂಗಡಿ ಮುಂದೆ ನಿಲ್ಲುವ ಸಾಲಾದರೂ ಹೋಯಿತು.

ಮುಂದೊಂದು ದಿನ ರಾಜ್ಯ ಲೈಸೆನ್ಸ್ ಕೊಡುವ ಮಾತು ಬಂದೇ ಬಂದರೆ ಕೇಳಬೇಕಾದ್ದು ಇವು. ಮೆಷಿನ್‌ಗಳೆಲ್ಲ ಸರ್ಕಾರದ ಸರ್ವರಿಗೆ ಜೋಡಣೆ. ಆಟಕ್ಕೆ ಗರಿಷ್ಠ 2 ರೂಪಾಯಿ, ನಡುವೆ 15 ಸೆಕೆಂಡಿಗೆ ಕಡಿಮೆಯಿಲ್ಲದ ಅಂತರ. ತಿಂಗಳ ನಷ್ಟದ ಮಿತಿ ಇರುವ ಕಾರ್ಡ್, ಒಬ್ಬರಿಗೆ ಒಂದೇ. ಆ ಜಾಗದಲ್ಲಿ ಎಟಿಎಂ, ಯುಪಿಐ ಕ್ಯೂಆರ್, ಉದ್ರಿ ಯಾವುದೂ ಇರಬಾರದು. ಕ್ಯೂಆರ್ ಬಗ್ಗೆ ವಿಶೇಷವಾಗಿ ಹೇಳಬೇಕು: ಹಿಂದೆ ಜೇಬು ಖಾಲಿಯಾದಾಗ ಮನೆಗೆ ಹೋಗಲೇಬೇಕಿತ್ತು, ಆ ನಡಿಗೆಯಲ್ಲಿ ತಲೆ ತಣ್ಣಗಾಗುತ್ತಿತ್ತು. ಈಗ ಸಾಲದ ಆಪ್‌ನಿಂದ ಹಣ ಬಂದು ಮೆಷಿನ್ ಸೇರಲು ಒಂದು ನಿಮಿಷ ಸಾಕು. ಈ ನಿಯಮಗಳನ್ನು ಹಾಕಿದರೆ ಮೆಷಿನ್ ಇಡಲು ಯಾರೂ ಮುಂದೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ, ಆ ವ್ಯಾಪಾರ ಯಾರ ದುಡ್ಡಿನ ಮೇಲೆ ನಡೆಯುತ್ತದೆ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು.

ಈಗ ನೀವು ಮಾಡಬೇಕಾದ ಕೆಲಸ. ಬಂದವರಿಗೆ ಬಾಯಿಮಾತಿನಲ್ಲೂ ಒಪ್ಪಿಗೆ ಕೊಡಬೇಡಿ. ‘ಎರಡು ದಿನ ಇಟ್ಟು ನೋಡಿ’ ಎಂದು ಮೆಷಿನ್ ಇಳಿಸಲು ಬಿಡಬೇಡಿ. ಅಡ್ವಾನ್ಸ್ ಎಂದು ಕೊಟ್ಟ ಹಣ ಮುಟ್ಟಿದರೆ ‘ಗೊತ್ತಿದ್ದೂ ಜಾಗ ಕೊಟ್ಟ’ ಎಂಬುದಕ್ಕೆ ಅದೇ ಸಾಕ್ಷಿ. ಕಟ್ಟಡ ಬಾಡಿಗೆಯದಾದರೆ ಕರಾರು ಪತ್ರದಲ್ಲಿ ಯಾವ ಉದ್ದೇಶಕ್ಕೆ ಎಂದು ಬರೆದಿದೆ ನೋಡಿ. ಉದ್ದೇಶ ಮೀರಿದರೆ ಮಾಲೀಕರು ಬಿಡಿಸಲು ಅದೊಂದೇ ಕಾರಣ ಸಾಕಾಗಬಹುದು.

ನಿಮ್ಮ ಬೀದಿಯಲ್ಲಿ ಆಗಲೇ ಒಂದು ಪಾರ್ಲರ್ ನಡೆಯುತ್ತಿದ್ದು ಅದಕ್ಕೆ ಅನುಮತಿ ಇದೆಯೇ ಎಂದು ತಿಳಿಯಬೇಕಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಥೆ ಬರೆಯಬೇಡಿ, ‘ಇಂಥ ವಿಳಾಸದಲ್ಲಿ ಮನರಂಜನಾ ಯಂತ್ರ ನಡೆಸಲು ಕೊಟ್ಟ ಅನುಮತಿಯ ಪ್ರತಿ ಮತ್ತು ಷರತ್ತುಗಳ ಪ್ರತಿ’ ಎಂದಷ್ಟೇ ಕೇಳಿ. ಪಾಲಿಕೆಗೆ ಬೇರೆ ಅರ್ಜಿ. ದೂರು ಕೊಡುವುದಾದರೆ ಎಸ್‌ಪಿ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಯಾವ ಹೊತ್ತಿಗೆ ತೆರೆಯುತ್ತದೆ, ಎಷ್ಟು ಮೆಷಿನ್, ಹಣ ಯಾರು ಕೊಡುತ್ತಾರೆ ಎಂಬ ವಿವರ ಇದ್ದರೆ ದೂರಿಗೆ ತೂಕ. ಒಳಗೆ ಹೋಗಿ ಆಡಿ ಸಾಕ್ಷಿ ತರುವ ಸಾಹಸ ಬೇಡ, 80ನೇ ಕಲಂ ನಿಮಗೂ ಅನ್ವಯಿಸುತ್ತದೆ. ತುರ್ತಿದ್ದರೆ 112.

ನಿಮ್ಮ ಗಿರಾಕಿಗಳಲ್ಲೇ ಈಗಾಗಲೇ ಸಿಕ್ಕಿಬಿದ್ದವರು ಇರಬಹುದು. ಅವರ ಮನೆಯವರು ಕೇಳಿದರೆ ಎರಡು ಮಾತು ಹೇಳಿ. ಆಡಿ ಸೋತ ಬಾಕಿಯನ್ನು ಕೋರ್ಟಿಗೆ ಹೋಗಿ ವಸೂಲಿ ಮಾಡಲು ಬರುವುದಿಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಪಂದ್ಯದ ಕರಾರು ಅನೂರ್ಜಿತ. ಹಾಗೆಂದು ಆಡಲು ತಂದ ಕೈಸಾಲ, ಚೀಟಿ ಹಣ, ಆಪ್ ಸಾಲ ತಾನಾಗಿ ಮಾಫಿಯಾಗುವುದಿಲ್ಲ. ಅವು ಬೇರೆ ವ್ಯವಹಾರ. ಬಡ್ಡಿ ವಿಪರೀತವಾಗಿದ್ದರೆ 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆಯಡಿ ದೂರು ಕೊಡಬಹುದು. ಸಹಿ ಹಾಕಿದ ಖಾಲಿ ಚೆಕ್ಕು, ಬಾಂಡು ಯಾರ ಬಳಿ ಇದೆ ಎಂದು ಮೊದಲು ಪಟ್ಟಿ ಮಾಡಿಸಿ.

ಎರಡನೆಯದು ಚಿಕಿತ್ಸೆ. ಜೂಜಿನ ಚಟ ವೈದ್ಯರು ಒಪ್ಪಿರುವ ಕಾಯಿಲೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು. ಹೋಗಲು ಮುಜುಗರವಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡುತ್ತಾರೆ. ಸಾಲವನ್ನು ಮನೆಯವರು ಒಂದೇ ಸಲ ತೀರಿಸಿಬಿಡುವುದು ಬೇಡ. ಸಾಲ ತೀರಿದ ನಿರಾಳದಲ್ಲಿ ಮತ್ತೆ ಆಡಲು ಹೋಗುವುದು ಈ ಚಟದಲ್ಲಿ ಬಹಳ ಸಾಮಾನ್ಯ. ಸಂಬಳದ ಖಾತೆ, ಎಟಿಎಂ ಕಾರ್ಡು, ಯುಪಿಐ ಕೆಲವು ತಿಂಗಳು ಇನ್ನೊಬ್ಬರ ಕೈಯಲ್ಲಿರಲಿ. ದಿನದ ಖರ್ಚಿಗೆ ನಗದು ಕೊಟ್ಟು, ಸಾಲವನ್ನು ಕಂತಿನಲ್ಲಿ, ಸಾಲ ಕೊಟ್ಟವರ ಕೈಗೇ ನೇರವಾಗಿ ಮುಟ್ಟಿಸಿ.